ಹಗ್ಗ ಹಿಡಿದವರ ಹಕ್ಕು

ಕೋಲಾರದ ಕಡೆ ಹುಟ್ಟಿದ ನನಗೆ, ಕಾರವಾರದಲ್ಲಿ ಎಷ್ಟು ವರ್ಷ ಕಳೆದರೂ ಕಡಲಿನವರ ವ್ಯವಹಾರ ಪೂರ್ತಿ ತಿಳಿದಿರಲಿಲ್ಲ. ಒಮ್ಮೆ ಮಕ್ಕಳ ಹಕ್ಕುಗಳ ಬಗ್ಗೆ ಮಾತಾಡಲು ಅಂಕೋಲೆಯ ಮೀನುಗಾರರ ಕೇರಿಗೆ ಹೋಗಿದ್ದೆ. ಅಲ್ಲಿ ನಾಲ್ಕನೇ ತರಗತಿಯ ಸುಮಿತ್ರಾ, ದಡಕ್ಕೆ ಬಲೆ ಎಳೆಯುವ ದಿನವೆಲ್ಲ ಶಾಲೆ ತಪ್ಪಿಸುತ್ತಿದ್ದಳು. ಹೀಗೇ ಆದರೆ ಅವಳು ಶಾಲೆ ಬಿಟ್ಟೇಬಿಡುತ್ತಾಳೆಂದು ನನಗೆ ಆತಂಕ.

"ಮಕ್ಕಳಿಗೂ ಹಕ್ಕಿದೆ" ಎಂದು ಶುರುಮಾಡಿದೆ.

"ಅದೆಂತ ಹೊಸತು, ಅಕ್ಕೋರೆ?" ಅವಳ ಅಜ್ಜಿ ನಕ್ಕಳು. "ನಮ್ಮಲ್ಲಿ ಹಗ್ಗ ಹಿಡಿದವರಿಗೆಲ್ಲ ಮೀನಿನ ಹಕ್ಕಿದೆ. ಇವಳಿಗೂ ಅರ್ಧ ಪಾಲು ಕೊಡ್ತ್ರು."

ನಾನು ಶಾಲೆಯ ಮಾತೆತ್ತುವ ಮೊದಲೇ ಸುಮಿತ್ರಾ, ಪಕ್ಕದಲ್ಲೇ ಮೀನು ಪಾಲು ಮಾಡುತ್ತಿದ್ದ ಬಲೆಯ ಯಜಮಾನನತ್ತ ತಿರುಗಿದಳು. "ಮಾಮಾ, ನಂಗೆ ಅರ್ಧ ಯಾಕೆ? ನಾನೂ ಎಳೆಯೂದು ಅಷ್ಟೇ ಅಲ್ವಾ?"

"ನೀನು ಸಣ್ಣವಳಲ್ವೇನೆ!"

"ಸಣ್ಣವಳಾದ್ರೆ ಎಳೆಯೂಕೆ ಯಾಕೆ ಕರೀತ್ರಿ?"

ಪಾಲಿಗೆ ಕಾದಿದ್ದ ಹೆಂಗಸರೆಲ್ಲ ಹೋ ಎಂದು ನಕ್ಕರು. ಯಜಮಾನನ ಮುಖ ಕೆಂಪಾಯಿತು. "ಹಾಗಾದ್ರೆ ನಾಳೆಯಿಂದ ಹಗ್ಗ ಮುಟ್ಟಬೇಡ. ಶಾಲೆಗೆ ಹೋಗು!"

ನಾನು ಕೇಳಲು ಬಂದಿದ್ದೇ ಅದನ್ನು. ಆದರೆ ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಅಜ್ಜಿಯ ನಗುವೂ ನಿಂತಿತು.

"ಅವಳಿಗೆ ಶಾಲೆಯಲ್ಲಿ ಬಿಸಿಯೂಟ ಸಿಕ್ತದೆ, ಅಕ್ಕೋರೆ. ಮನೆಯಲ್ಲಿ ನಾವು ಸಾರಿಗೆ ಎಂತ ಹಾಕೂದು?"

ನನ್ನ ಚೀಲದಲ್ಲಿ ಕರಪತ್ರಗಳು ಬೇಕಾದಷ್ಟಿದ್ದವು. ಸಾರಿಗೆ ಹಾಕುವಂಥದ್ದೇನೂ ಇರಲಿಲ್ಲ.