ಮೊಣಕೈ ಕಾವಲು
ಮೂರು ವರ್ಷದ ಮಗಳ ಮೊಣಕೈ ಕೀಲು ಎರಡನೇ ಸಲ ಜಾರಿದ ಮೇಲೆ ಈ ಅಪ್ಪ ಅವಳ ಕೈಗಳಿಗೆ ಕಾವಲು ಕೂತಿದ್ದಾನೆ. ಸೋದರಮಾವ ಅವಳ ಕೈ ಹಿಡಿದೆತ್ತಲು ಹೋದರೆ ಸಾಕು, ಊಟದ ತಟ್ಟೆ ಬಿಟ್ಟು ಓಡಿಬರುತ್ತಾನೆ: “ಎಳೀಬೇಡ ಮಾರಾಯ, ಕಂಕುಳಿಗೆ ಕೈ ಹಾಕಿ ಎತ್ಕೋ!” ತಲೆಯ ಮೇಲಿಂದ ತೊಡಿಸುವ ಅಂಗಿಗಳನ್ನೆಲ್ಲ ಮುಂದೆ ಕತ್ತರಿಸಿ ಗುಂಡಿ ಹೊಲಿದಿದ್ದಾನೆ. “ನಿನ್ನ ಮಗಳೇನು ಗಾಜಿನ ಬೊಂಬೆನೇನೋ?” ಎಂದು ಅವನ ತಾಯಿ ಛೇಡಿಸಿದರೆ, “ಗಾಜಾದ್ರೆ ಒಡೆದಿದ್ದು ಕಾಣುತ್ತಮ್ಮ, ಇದು ಕಾಣಲ್ಲ” ಎನ್ನುತ್ತಾನೆ. ಊತವಿಲ್ಲ, ಗಾಯವಿಲ್ಲ, ಕೀಲು ಜಾರಿದರೆ ಮಗು ಆ ಕೈ ಎತ್ತುವುದಿಲ್ಲ, ಅಷ್ಟೆ. ಅದಕ್ಕೇ ಸಂಜೆ ಕೆಲಸದಿಂದ ಬಂದವನು ಬಾಗಿಲಲ್ಲೇ ನಿಂತು ಎರಡು ಬಿಸ್ಕತ್ತು ಮೇಲೆತ್ತಿ ಹಿಡಿಯುತ್ತಾನೆ. ಮಗಳಿಗೆ ಅದು ಆಟ. ಎರಡೂ ಪುಟ್ಟ ಕೈಗಳು ಮೇಲೇಳುವ ತನಕ ಅವನು ಹೆಗಲ ಚೀಲವನ್ನೂ ಇಳಿಸುವುದಿಲ್ಲ.