ಕಥೆ ಕೇಳುವವರ ಸಂಘ

ಸಂಘ ಕಟ್ಟುವ ಚಟ ನನಗೆ ಮೊದಲಿನಿಂದಲೂ ಇದೆ. ನಾಲ್ಕು ಜನ ಚಹಾ ಕುಡಿಯುತ್ತ ಕುಳಿತರೆ ಸಾಕು, ಇವರಲ್ಲಿ ಅಧ್ಯಕ್ಷರಾಗಲು ಯಾರು ಲಾಯಕ್ಕು ಎಂದು ಮನಸ್ಸಿನಲ್ಲೇ ಆರಿಸಿಬಿಡುತ್ತೇನೆ. ಭೀಮರಾಯನಗುಡಿಯ ಕಾಲುವೆ ಕ್ಯಾಂಪಿನಲ್ಲಿ ಗುಮಾಸ್ತನಾಗಿದ್ದಾಗ ಹಾಗೆ ಹುಟ್ಟಿದ್ದೇ ನಮ್ಮ ಕಥೆ ಕೇಳುವವರ ಸಂಘ. ಪದಾಧಿಕಾರಿಗಳು ಬೇಕಾದಷ್ಟಿದ್ದರು, ಕಥೆ ಹೇಳುವವಳು ಮಾತ್ರ ಒಬ್ಬಳೇ, ಮಲ್ಲವ್ವ.

ಮಲ್ಲವ್ವ ಕೊಡೇಕಲ್ ಕಡೆಯ ಕುರಿಗಾರ್ತಿ. ಸುಗ್ಗಿ ಮುಗಿದ ಮೇಲೆ ಕ್ಯಾಂಪಿನ ಪಕ್ಕದ ಬರಿ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಲು ಗಂಡನೊಂದಿಗೆ ಬರುತ್ತಿದ್ದಳು. ಸಂಜೆ ನಾವು ಬೇವಿನ ಕೆಳಗೆ ಜಮಖಾನೆ ಹಾಸಿ ಕರೆದರೆ, ಮಡಿಲಲ್ಲೊಂದು ಮರಿ ಇಟ್ಟುಕೊಂಡೇ ಶುರುಮಾಡುವಳು. "ಹೂಂ ಅನ್ರಿಪಾ, ಇಲ್ಲಂದ್ರ ಕಥಿ ಮುಂದಕ್ಕ ನಡ್ಯಾಂಗಿಲ್ಲ" ಎನ್ನುವಳು. ಗಂಟುಮೋರೆಯ ಇಂಜಿನಿಯರ್ ಸಾಹೇಬರೂ ಸಣ್ಣ ದನಿಯಲ್ಲಿ ಹೂಂಗುಟ್ಟುತ್ತಿದ್ದರು.

ಆಮೇಲೆ ಕಾಲುವೆಗೆ ನೀರು ಬಂತು. ನಾವೇ ಕಾಯಿ ಒಡೆದೆವು, ಪೇಡೆ ಹಂಚಿದೆವು. ಬರಿ ಹೊಲಗಳೆಲ್ಲ ಭತ್ತದ ಗದ್ದೆಗಳಾದವು. ಆ ವರ್ಷ ಮಲ್ಲವ್ವ ಬರಲಿಲ್ಲ. ಸಂಘ ಸಭೆ ಸೇರಿ ಅವಳ ಗೈರುಹಾಜರಿಯನ್ನು ಗಂಭೀರವಾಗಿ ಚರ್ಚಿಸಿತು. ಕುರಿ ನಿಲ್ಲಲು ಒಣ ನೆಲವೇ ಉಳಿದಿಲ್ಲವೆಂಬುದು ನೀರು ಹರಿಸಿದ ನಮಗಾರಿಗೂ ಹೊಳೆಯಲಿಲ್ಲ.

ಕೊನೆಗೆ ಐದಾರು ಮಂದಿ ಬಸ್ಸು ಹತ್ತಿ, ಸುರಪುರ ದಾಟಿ, ಹುಡುಕುತ್ತ ಹೋದೆವು. ಕೊಡೇಕಲ್ಲಿನಾಚೆ ಕಲ್ಲುಗುಡ್ಡದ ಓರೆಯಲ್ಲಿ ಸಿಕ್ಕಳು.

"ಜೀಪು ಕಳಸ್ತೀವಿ, ಬಾ ಯವ್ವಾ" ಎಂದೆ.

"ನಾ ಜೀಪಿನ್ಯಾಗ ಬರ್ತೀನ್ರಿ ಸಾಹೇಬ್ರ, ನನ್ನ ಕುರಿ ಎಲ್ಲಿ ನಿಂದರಬೇಕ್ರಿ? ಕೆಸರಾಗೇನು?" ಎಂದು ನಕ್ಕಳು.

ನಮಗೆ ನಗಲಾಗಲಿಲ್ಲ. ನಮ್ಮ ಮುಖ ನೋಡಿ ಅವಳಿಗೇ ಕನಿಕರವಾಯಿತೇನೋ. "ಹೋಗ್ಲಿ ಬಿಡ್ರಿ. ಇಷ್ಟು ದೂರ ಬಂದೀರಿ, ಕುಂದರ್ರಿ, ಒಂದು ಕೇಳಿ ಹೋಗ್ರಿ" ಎಂದಳು.

ಕಳೆದುಹೋದ ಅಣ್ಣನನ್ನು ಹುಡುಕುತ್ತ ಬಾವಿಗಿಳಿದ ಹುಡುಗಿಯ ಕಥೆ ಅದು. ನೀರಿನ ತಳದಲ್ಲಿ ಅವಳಿಗೊಂದು ಬಾಗಿಲು ಕಂಡಿತು. ಒಳಗೆ ಅಣ್ಣ ಕೆಮ್ಮಿದ ಸದ್ದು. ಅಷ್ಟರಲ್ಲಿ ಗುಡ್ಡದ ಕೆಳಗೆ ರಸ್ತೆಯಲ್ಲಿ ಕಡೆಯ ಬಸ್ಸು ಹಾರ್ನ್ ಹಾಕಿತು.

"ಹೋಗ್ರಿ, ಉಳಿದದ್ದು ಬರೋ ವರ್ಷ" ಎಂದಳು ಮಲ್ಲವ್ವ.

ಮರುವರ್ಷ ಹೋದಾಗ ಅಲ್ಲೊಂದು ಕುರಿಹಿಕ್ಕೆಯೂ ಇರಲಿಲ್ಲ. ಮೇವು ಹುಡುಕಿಕೊಂಡು ಕೃಷ್ಣೆ ದಾಟಿ ಹೋದರೆಂದು ಯಾರೋ ಹೇಳಿದರು. ನಮ್ಮವರೂ ವರ್ಗವಾಗಿ ಊರೂರಿಗೆ ಚದುರಿದರು.

ನಾನೀಗ ಶಹಾಪುರದಲ್ಲಿ ನಿವೃತ್ತ. ಅರ್ಧ ಕಥೆಯನ್ನು ಎಷ್ಟೋ ಸಲ ಕೇಳಿ ಬೇಸತ್ತ ನನ್ನ ಹೆಂಡತಿ ಮೊನ್ನೆ ಗದರಿದಳು: "ಆ ಹುಡುಗಿ ಬಾಗಿಲಾ ತೆಗದಳೋ ಇಲ್ಲೋ? ಗೊತ್ತಿಲ್ಲಂದ್ರ ನೀವ ಒಂದು ಕೊನಿ ಹಚ್ಚಿ ಮುಗಸ್ರಲ್ಲ!"

ಕೊನೆ ಹಚ್ಚುವುದು ಅಂಥ ಕಷ್ಟವೇನಲ್ಲ. ಆದರೆ ಹಚ್ಚಿದರೆ, ನಾನು ಮಲ್ಲವ್ವನಿಗಾಗಿ ಕಾಯುವುದೂ ಮುಗಿದುಹೋಗುತ್ತದಲ್ಲ.