ಹೋಲ್‌ಸ್ಟರ್‌ಗೆ ಜಿಪ್ ಹಾಕಿಸಿಕೊಂಡವಳು

ಚಾಮರಾಜಪೇಟೆಯ ಬ್ಯಾಗ್ ಅಂಗಡಿಯವರು "ಏನಿಡಕ್ಕಮ್ಮಾ ಇದು?" ಎಂದು ಕೇಳಿದಾಗ, ಪಿಸ್ತೂಲಿಗೆ ಎನ್ನಲು ನನಗೆ ಬಾಯಿ ಬರಲಿಲ್ಲ. ಪಕ್ಕದಲ್ಲೇ ಇಬ್ಬರು ಹೆಂಗಸರು ಸ್ಕೂಲ್ ಬ್ಯಾಗಿನ ಪಟ್ಟಿ ಹೊಲಿಸಲು ನಿಂತಿದ್ದರು.

ಅಪ್ಪನ ಡ್ರಿಲ್ಲಿಂಗ್ ಮಷೀನಿಗೆ ಎಂದುಬಿಟ್ಟೆ.

ನಾನು ಪೇಪರಿನಲ್ಲಿ ಕತ್ತರಿಸಿ ಒಯ್ದಿದ್ದ ಆಕಾರವನ್ನು ಅವರು ತಿರುಗಿಸಿ ನೋಡಿ ತಲೆಯಾಡಿಸಿದರು. ಪುಣ್ಯಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ...

ಕಳೆದ ವರ್ಷದ ಮಾತಿದು. ಎಂ.ಎ. ಮುಗಿಸಿ ಮನೆಯಲ್ಲಿದ್ದೆ. ಓಕಳಿಪುರಂ ಕಡೆ ರೈಲು ಹಳಿಯ ಪಕ್ಕದ ಹಳೇ ಗೋಡೌನಿನಲ್ಲಿ ಒಂದು ಶೂಟಿಂಗ್ ಕ್ಲಬ್ ಇದೆ. ಗೆಳತಿಗೆ ಜೊತೆಯಾಗಿ ಹೋದವಳು ನಾನು. ಅವಳು ಎರಡನೇ ವಾರಕ್ಕೇ ಬಿಟ್ಟಳು, ನಾನು ಬಿಡಲಿಲ್ಲ.

ಗುರಿ ಹಿಡಿದು ನಿಂತವರನ್ನು ಅಲ್ಲಿ ಯಾರೂ ಮಾತಾಡಿಸುವುದಿಲ್ಲ. ನನ್ನಂಥವಳಿಗೆ ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಮನೆಯಿರುವ ಇಡೀ ಬಸವನಗುಡಿಯಲ್ಲೂ ಸಿಕ್ಕಿರಲಿಲ್ಲ.

ಕಲಿಸುವವರು ಶ್ರೀಕಂಠಯ್ಯ ಸರ್, ಬ್ಯಾಂಕಿನಿಂದ ರಿಟೈರ್ ಆದವರು. ಹೊಸಬರಿಗೆಂದು ಒಂದು ಮ್ಯಾಚ್ ಇಟ್ಟಿದ್ದರು. ಅವರು ಹಿಡಿದ ಗಡಿಯಾರ ಬೀಪ್ ಎಂದ ತಕ್ಷಣ ಸೊಂಟದಿಂದ ಪಿಸ್ತೂಲು ತೆಗೆದು, ಜಾಗದಿಂದ ಜಾಗಕ್ಕೆ ಓಡುತ್ತಾ ತಗಡಿನ ತಟ್ಟೆಗಳನ್ನು ಬೀಳಿಸಬೇಕು, ಬೇಗ ಮುಗಿಸಿದವರು ಗೆದ್ದ ಹಾಗೆ.

ಪಿಸ್ತೂಲು ಕ್ಲಬ್ಬಿನದೇ, ಸಣ್ಣ ಛರ್ರೆ ಗುಂಡು ಹಾರಿಸುವ ಏರ್ ಪಿಸ್ತೂಲು. ನಾವು ತರಬೇಕಾದದ್ದು ಕಣ್ಣಿಗೊಂದು ಕನ್ನಡಕ, ಸೊಂಟಕ್ಕೊಂದು ಬೆಲ್ಟು, ಅದಕ್ಕೆ ಸಿಕ್ಕಿಸುವ ಹೋಲ್‌ಸ್ಟರ್, ಅಂದರೆ ಪಿಸ್ತೂಲಿನ ಚೀಲ. ಫಾರಿನ್ ಸಾಮಾನಿಗೆ ದುಡ್ಡು ಸುರಿಯಬೇಡಿ, ಟ್ರಿಗರ್ ಮುಚ್ಚಿರಬೇಕು, ಬೆಲ್ಟು ಅಲ್ಲಾಡಬಾರದು, ಸದ್ಯಕ್ಕೆ ಅಷ್ಟು ಸಾಕು ಎಂದಿದ್ದರು ಸರ್.

ಮ್ಯಾಚಿಗೆ ಮುಂಚೆ ಇವನ್ನೆಲ್ಲ ಪರೀಕ್ಷೆ ಮಾಡುತ್ತಾರೆ. ಫೇಲಾದರೆ ಬೆಂಚಿನ ಮೇಲೆ ಕೂತು ಬೇರೆಯವರಿಗೆ ಚಪ್ಪಾಳೆ ತಟ್ಟಬೇಕು.

ಹುಟ್ಟಿದಾಗಿನಿಂದ ನಾನು ಮಾಡಿದ್ದು ಅದನ್ನೇ. ಸ್ಕೂಲ್ ಡೇ ನಾಟಕದಲ್ಲಿ ಮರದ ಪಾತ್ರಕ್ಕೂ ಸ್ಟೇಜ್ ಹತ್ತಿದವಳಲ್ಲ. ಈ ಒಂದು ಸಲ ಆಡಲೇಬೇಕು ಎಂದು ತುಂಬ ಆಸೆಯಾಗಿತ್ತು.

ಆದರೆ ಚೂಡಿದಾರದ ಮೇಲೆ ಎಂಥ ಬೆಲ್ಟು ಕಟ್ಟುವುದು? ಅಪ್ಪನದು ನನಗೆ ಎರಡು ಸುತ್ತು ಬಂತು. ಗಾಂಧಿಬಜಾರಿನಲ್ಲಿ ಲೇಡೀಸ್ ಬೆಲ್ಟೆಂದು ತೋರಿಸಿದ್ದು ರಿಬ್ಬನ್ನಿಗಿಂತ ಸ್ವಲ್ಪ ದಪ್ಪ ಇತ್ತು, ಅಷ್ಟೇ.

ಅವರೆಕಾಳು ಹಿಚುಕುತ್ತಾ ಇದನ್ನೆಲ್ಲ ನೋಡುತ್ತಿದ್ದ ಅಜ್ಜಿ ಎದ್ದು ಒಳಗೆ ಹೋಗಿ, ಬೀರುವಿನಿಂದ ತಮ್ಮ ಡಾಬು ತಂದರು. ಮದುವೆಮನೆಗಳಲ್ಲಿ ಸೀರೆಯ ಮೇಲೆ ಕಟ್ಟಿಕೊಳ್ಳುವ ಬೆಳ್ಳಿಯ ಡಾಬು. ಮಧ್ಯದಲ್ಲಿ ಎರಡು ನವಿಲು, ಕೆಳಗೆ ಸಾಲಾಗಿ ಗೆಜ್ಜೆ.

"ಇದನ್ನ ಕಟ್ಕೊಂಡು ನಿಮ್ಮತ್ತೆಯರ ಮದುವೇಲಿ ನೂರಾರು ಜನಕ್ಕೆ ಬಡಿಸಿದೀನಿ ಕಣೇ. ಒಂದು ಚೂರೂ ಜಾರಿಲ್ಲ. ನಿನ್ನ ಪಿಸ್ತೂಲು ಯಾವ ಲೆಕ್ಕ?"

ಅಮ್ಮ ಮೊದಲು ಬೇಡವೆಂದಳು. ಆಮೇಲೆ, ದಾರಿಯಲ್ಲಿ ನೋಡಿದವರು ಭರತನಾಟ್ಯಕ್ಕೆ ಹೊರಟಿದ್ದಾಳೆ ಅಂದುಕೊಳ್ಳುತ್ತಾರೆ ಎಂದು ಸಮಾಧಾನ ಮಾಡಿಕೊಂಡಳು.

ಮ್ಯಾಚಿನ ಹಿಂದಿನ ಸಂಜೆ ಚೀಲ ತರಲು ಹೋದೆ. ಅಂಗಡಿಯವರ ಮುಖದಲ್ಲಿ ಏನು ಸಂತೋಷ...

"ಧೂಳು ಹೋಗ್ಬಾರ್ದಲ್ಲಮ್ಮಾ, ಅದಕ್ಕೇ ಮೇಲೆ ಜಿಪ್ ಹಾಕಿದೀನಿ. ಡ್ರಿಲ್ ಬಿಟ್ ಇಟ್ಕೊಳಕ್ಕೆ ಪಕ್ಕದಲ್ಲೊಂದು ಪಾಕೆಟ್ಟೂ ಇದೆ. ಅಪ್ಪಾಜಿಗೆ ತೋರ್ಸಿ, ಖುಷಿಪಡ್ತಾರೆ."

ತೋರಿಸ್ತೀನಿ ಎಂದೆ. ಥ್ಯಾಂಕ್ಸ್ ಕೂಡ ಹೇಳಿ ಬಂದೆ.

ಭಾನುವಾರ ಬೆಳಿಗ್ಗೆ ದುಪಟ್ಟಾವನ್ನು ಡಾಬಿನ ಮೇಲೆ ಹರಡಿಕೊಂಡು ಆಟೋದಲ್ಲಿ ಹೋದೆ. ಪರೀಕ್ಷೆಯ ಟೇಬಲ್ ಮುಂದೆ ನಿಂತಾಗ ನನ್ನ ಹಿಂದೆ ಉದ್ದ ಸಾಲಿತ್ತು.

ಸರ್ ಚೀಲ ಕೈಗೆ ತೆಗೆದುಕೊಂಡರು. ಜಿಪ್ ಎಳೆದರು. ಮುಚ್ಚಿದರು. ಮತ್ತೆ ಎಳೆದರು.

"ಬೀಪ್ ಆದ್ಮೇಲೆ ಇದನ್ನ ತೆಗೀತೀರಾ?"

ಹೂಂ ಎಂದು ತಲೆಯಾಡಿಸಿದೆ.

"ತಟ್ಟೆಗಳೇನೋ ಕಾಯತ್ವೆ. ಗಡಿಯಾರ ಕಾಯಲ್ಲಮ್ಮಾ." ಆಮೇಲೆ ಮೆಲ್ಲಗೆ, ಜಿಪ್ಪು ಹೋಗಿ ಟ್ರಿಗರ್‌ಗೆ ಸಿಕ್ಕಿಕೊಂಡರೆ ಅಪಾಯ, ಇದನ್ನು ಪಾಸ್ ಮಾಡಲು ಆಗುವುದಿಲ್ಲ ಎಂದರು.

ಪರವಾಗಿಲ್ಲ ಸರ್ ಎನ್ನುವುದು ನನ್ನ ಅಭ್ಯಾಸ. ಬೆಂಚು ಕೂಡ ಖಾಲಿ ಇತ್ತು.

"ಸರ್, ಕತ್ತರಿ ಇದೆಯಾ?"

ಇದು ನನ್ನದೇ ದನಿ ಎಂದು ಗೊತ್ತಾಗಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು.

ಕತ್ತರಿ ಇತ್ತು. ಬ್ಯಾಂಕಿನ ಪೆನ್ನಿನ ಹಾಗೆ ಅದನ್ನೂ ಟೇಬಲ್ಲಿಗೆ ದಾರದಿಂದ ಕಟ್ಟಿದ್ದರು. ಬಗ್ಗಿ, ಟೇಬಲ್ಲಿನ ಮೇಲೆ ಅರ್ಧ ಮಲಗಿ, ಅಂಗಡಿಯವರು ಅಷ್ಟು ಅಕ್ಕರೆಯಿಂದ ಹೊಲಿದಿದ್ದ ಜಿಪ್ಪನ್ನು ಬುಡಸಮೇತ ಕತ್ತರಿಸಿ ಹಾಕಿದೆ.

ಸರ್ ಖಾಲಿ ಪಿಸ್ತೂಲನ್ನು ಇಟ್ಟು ನೋಡಿದರು. ಟ್ರಿಗರ್ ಪೂರ್ತಿ ಮುಚ್ಚಿತ್ತು. ಸರಿ, ಬೆಲ್ಟು ಎಲ್ಲಿ ಎಂದರು.

ದುಪಟ್ಟಾ ತೆಗೆದೆ.

ಹಿಂದಿನಿಂದ ಯಾರೋ ಪಿಸುಗುಟ್ಟಿದರು, "ಮಹಾಲಕ್ಷ್ಮಿ ಬಂದ್ಳು ಗುರೂ..."

ಸರ್ ಡಾಬಿಗೆ ಚೀಲ ಸಿಕ್ಕಿಸಿ ಎಡಕ್ಕೆ ಎಳೆದರು, ಬಲಕ್ಕೆ ಎಳೆದರು. ಬೆಲ್ಟು ಅಲ್ಲಾಡಲಿಲ್ಲ, ನಾನೇ ಅಲ್ಲಾಡಿದೆ.

"ಬೆಳ್ಳೀದಾ?"

"ಹೂಂ ಸರ್. ಅಜ್ಜೀದು."

ಚರ್ಮದ್ದೇ ಆಗಿರಬೇಕು ಅಂತ ರೂಲ್ ಏನಿಲ್ಲ ಎಂದು ತಮಗೆ ತಾವೇ ಹೇಳಿಕೊಂಡು ಟಿಕ್ ಹಾಕಿದರು.

ನನ್ನ ಹೆಸರು ಕೂಗುತ್ತಾರೆ. ಕೈ ಎತ್ತಿ ನಿಲ್ಲುತ್ತೇನೆ. ಬೀಪ್.

ಮೊದಲ ತಟ್ಟೆ ಬೀಳುತ್ತದೆ. ಎರಡನೆಯದೂ ಬೀಳುತ್ತದೆ, ನಂಬಿ. ಮುಂದಿನ ಜಾಗಕ್ಕೆ ಓಡಿದರೆ ಗೆಜ್ಜೆಗಳೆಲ್ಲ ಘಲ್ ಘಲ್ ಎನ್ನುತ್ತವೆ. ಸಾಲಿನಲ್ಲಿ ನಿಂತವರೆಲ್ಲ ನಗುತ್ತಾರೆ, ಸರ್ ಗಡಿಯಾರದಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ನನಗೂ ನಗು ಬಂದು ಗುರಿ ತಪ್ಪುತ್ತದೆ. ಮೂರನೇ ತಟ್ಟೆಗೆ ಹೊಡೆಯುತ್ತಲೇ ಇರುತ್ತೇನೆ, ಅದು ಬೀಳುವುದಿಲ್ಲ.

ಕೊನೆಯಿಂದ ಎರಡನೆಯವಳಾಗಿ ಮುಗಿಸಿದೆ.

ಒಂದು ಮಾತ್ರ ಇವತ್ತಿಗೂ ಆಶ್ಚರ್ಯ. ಅಷ್ಟೂ ಜನ ನನ್ನನ್ನೇ ನೋಡುತ್ತಿದ್ದಾಗ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಆ ಹಾಳಾದ ಮೂರನೇ ತಟ್ಟೆ ಮಾತ್ರ.